ಎರಡನೇ ಕಾರ್ಡು ಯಾರ ಹತ್ತಿರ?

ಹೊಸ ಕ್ಯಾಮೆರಾ ಬರುತ್ತಿದೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ದೋಣಿಗಲ್ಲಿನ ತಿರುವಿನಲ್ಲಿ, ಕೆಟ್ಟು ನಿಂತ ಒಂದು ಟ್ಯಾಂಕರಿನ ಹಿಂದೆ. ಮುಂದೆ ಲಾರಿ, ಹಿಂದೆ ಬಸ್ಸು, ನಡುವೆ ನಾನು ಮತ್ತು ನನ್ನ ಸ್ಕೂಟರು. ಮುಕ್ಕಾಲು ಗಂಟೆ ಯಾವುದೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಒಂದೇ ವಿಡಿಯೋವನ್ನು ಐದು ಜನ ನನ್ನ ಫೋನಿಗೆ ಕಳಿಸಿದರು. ಹಾಸನದ ಕ್ಯಾಮೆರಾ ಅಂಗಡಿಯವನು ಕಳಿಸಿದ. ಸರಿ, ಅದು ಅವನ ವ್ಯಾಪಾರ. ಮದುವೆ ಕಾಂಟ್ರಾಕ್ಟರು ಕಳಿಸಿದ. ಆಲೂರಿನ ಒಬ್ಬ ಸ್ಟುಡಿಯೋದವನು ಕಳಿಸಿದ, ಕೆಳಗೆ ನಗುವ ಮುಖದ ಚಿತ್ರ ಬೇರೆ. ನನ್ನ ಗಂಡನೂ ಕಳಿಸಿದ್ದರು. ಐದನೆಯವರು ನನ್ನ ಹಲ್ಲಿನ ಡಾಕ್ಟರು. ನನ್ನ ಕ್ಯಾಮೆರಾ ಹಳೆಯದಾಯಿತೆಂದು ಹಲ್ಲಿನ ಡಾಕ್ಟರಿಗೂ ಅನಿಸಿದೆ ಎಂದರೆ, ಊರ ಬಾಯಿ ಎಷ್ಟು ಅಗಲವಾಗಿತ್ತು ಎಂದು ನೀವೇ ಊಹಿಸಿಕೊಳ್ಳಿ.

ಸಕಲೇಶಪುರದ ಪೇಟೆಯಲ್ಲಿ ನಾನು ಸ್ಟುಡಿಯೋ ಇಟ್ಟು ಇಪ್ಪತ್ತು ವರ್ಷ ದಾಟಿತು. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು, ಆನೆ ತುಳಿದ ತೋಟದ ಪರಿಹಾರಕ್ಕೆ ಬೇಕಾದ ಫೋಟೋ, ಎಲ್ಲವನ್ನೂ ತೆಗೆದಿದ್ದೇನೆ. ಈಗಿನ ಕ್ಯಾಮೆರಾಕ್ಕೆ ಹನ್ನೆರಡು ವರ್ಷ. ಹಿಡಿಯುವ ಕಡೆ ರಬ್ಬರು ಕಿತ್ತು ಬಂದಾಗ ಪಂಕ್ಚರ್ ಅಂಗಡಿಗೆ ಹೋಗಿ ಟ್ಯೂಬಿನ ತುಂಡು ಅಂಟಿಸಿಕೊಂಡು ಬಂದೆ. ಗುಂಡಿ ಒತ್ತಿದರೆ ಚಿಲಕ ಬಿದ್ದ ಹಾಗೆ ಸದ್ದು. ಫೋಟೋಗಳು ಉಳಿಯಲು ಒಳಗೆ ಒಂದೇ ಒಂದು ಕಾರ್ಡಿಗೆ ಜಾಗ. ಹೊಸದು ಸದ್ದು ಮಾಡುವುದಿಲ್ಲವಂತೆ, ಕಣ್ಣು ಎಲ್ಲಿದೆ ಎಂದು ತಾನೇ ಹುಡುಕುತ್ತದಂತೆ. ಒಳಗೆ ಎರಡು ಕಾರ್ಡು. ತೆಗೆದ ಪ್ರತಿ ಫೋಟೋ ಎರಡರಲ್ಲೂ ಉಳಿಯುತ್ತದೆ. ಅದು ಸಾಲದು ಎಂಬಂತೆ, ತೆಗೆದ ಕೂಡಲೇ ಫೋನಿಗೂ ಹೋಗಿ ಕೂರುತ್ತದೆ.

ಕಾಂಟ್ರಾಕ್ಟರು ವಿಡಿಯೋದ ಜೊತೆ ತನ್ನ ದನಿಯನ್ನೂ ಕಳಿಸಿದ್ದ. ನಮ್ಮ ಕಡೆಯ ರೆಸಾರ್ಟುಗಳ ಮದುವೆಗಳನ್ನೆಲ್ಲ ಹಿಡಿದವನು ಅವನು. ನನ್ನ ಕೆಲಸದಲ್ಲಿ ಅರ್ಧ ಬರುವುದು ಅವನಿಂದಲೇ.

“ಮೇಡಂ, ಮುಂದಿನ ಸೀಸನ್ನಿಂದ ಎರಡು ಕಾರ್ಡಿನ ಕ್ಯಾಮೆರಾ ಇದ್ದೋರಿಗೆ ಮಾತ್ರ ಕೆಲ್ಸ. ಪಾರ್ಟಿಯವ್ರು ಕೇಳ್ತಾರೆ ಕಣ್ರೀ. ಹೋದ್ ವರ್ಷ ನಿಮ್ ಕೈಲಿ ಏನಾಯ್ತು ಅಂತ ಊರಿಗೆಲ್ಲ ಗೊತ್ತೈತೆ, ನಾನ್ ಬಾಯ್ಬಿಟ್ಟು ಹೇಳ್ಬೇಕಾ?”

ಕೆಲಸ ಹೋಗುವ ಭಯಕ್ಕಿಂತ ಆ ಕೊನೆಯ ಮಾತು ನನ್ನನ್ನು ಉರಿಸಿತು. ಹೋದ ವರ್ಷ ಆದದ್ದೇನು ಎಂದು ನಾನು ಈವರೆಗೆ ಯಾರಿಗೂ, ಗಂಡನಿಗೂ, ಸರಿಯಾಗಿ ಹೇಳಿರಲಿಲ್ಲ. ಈಗ ಹೇಳಬಹುದು, ಅಪ್ಪಣೆ ಕೊಡಬೇಕಾದವರೇ ಕೊಟ್ಟಿದ್ದಾರೆ.

ನಮ್ಮ ಪೇಟೆಯಲ್ಲಿ ಲಾರಿ ಇಟ್ಟುಕೊಂಡು ಕಾಫಿ ಸಾಗಿಸುವ ಒಂದು ಮುಸ್ಲಿಂ ಮನೆಯಿದೆ. ಏಳೆಂಟು ವರ್ಷದ ಹಿಂದೆ ಆ ಮನೆಯ ಒಂದು ಮದುವೆಗೆ ಮುಂಚೆ, ಹೆಂಗಸರು ಮಾತ್ರ ಸೇರುವ ಮೆಹಂದಿ ಮಧ್ಯಾಹ್ನಕ್ಕೆ ಅವರಿಗೆ ಹೆಣ್ಣು ಫೋಟೋಗ್ರಾಫರೇ ಬೇಕಾಗಿತ್ತು. ಆಗ ಸುತ್ತಮುತ್ತ ಇದ್ದವಳು ನಾನೊಬ್ಬಳೇ. ಹೋದೆ. ಬಾಗಿಲು ಹಾಕಿದ ಮೇಲೆ ತಲೆಯ ಮೇಲಿನ ಸೆರಗುಗಳು ಜಾರಿದವು, ಹಾಡು ಶುರುವಾಯಿತು. ಆ ದಿನ ನಾನು ಕಂಡಂಥ ನಗುವನ್ನು ಯಾವ ಕಲ್ಯಾಣ ಮಂಟಪದಲ್ಲೂ ಕಂಡಿಲ್ಲ. ಕೆಲಸ ಮುಗಿಸಿ ಹೊರಡುವಾಗ ಆ ಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

“ಇಷ್ಟೊತ್ತು ತೆಗೆದ್ಯಲ್ಲ, ಅದೆಲ್ಲ ಈಗ ಎಲ್ಲೈತೆ?”

ಕ್ಯಾಮೆರಾದ ಪಕ್ಕದ ಪುಟ್ಟ ಬಾಗಿಲು ತೆಗೆದು ಒಳಗಿನ ಕಾರ್ಡು ತೋರಿಸಿದೆ. “ಇದ್ರೊಳಗೆ, ಅಜ್ಜಿ.”

ಅವರು ಅಂಗೈ ಚಾಚಿದರು. “ಹಂಗಾದ್ರೆ ಇಲ್ಲಿ ಕೊಡು.”

ನನ್ನನ್ನು ಕಳ್ಳಿ ಅಂದುಕೊಂಡರೇ ಎಂದು ಮೂಗಿನ ತುದಿಗೆ ಸಿಟ್ಟು ಬಂತು. ಸುತ್ತ ನಿಂತ ಹುಡುಗಿಯರ ಮುಖ ನೋಡಿದೆ. ಅಷ್ಟು ಹೊತ್ತು ಕುಣಿದವರು ಈಗ ಉಸಿರು ಬಿಡದೆ ನಿಂತಿದ್ದರು. ಕಾರ್ಡನ್ನು ಅಜ್ಜಿಯ ಕೈಗಿಟ್ಟೆ. ಎಲ್ಲರಿಗೂ ಮತ್ತೆ ಮಾತು ಬಂತು. ಅಜ್ಜಿ ಇದ್ದಾರೆ ಎಂಬ ಧೈರ್ಯದಿಂದಲೇ ಅವರು ನನ್ನ ಮುಂದೆ ಕುಣಿದಿದ್ದರು ಎಂದು ಆಗ ತಿಳಿಯಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಊಟಕ್ಕೆ ಕೂರುವ ಮೊದಲು ಕಾರ್ಡು ತೆಗೆದು ಅಜ್ಜಿಯ ಅಂಗೈಗೆ ಇಡಬೇಕು. ಆಮೇಲೆ ಕ್ಯಾಮೆರಾದ ಬಾಗಿಲು ತೆರೆದೇ ಹಿಡಿದು, ಒಳಗೆ ಏನೂ ಇಲ್ಲವೆಂದು ಎಲ್ಲರಿಗೂ ತೋರಿಸಬೇಕು. ಮದುವೆಯ ಗದ್ದಲ ಮುಗಿದ ಮೇಲೆ ಮನೆಯ ಸೊಸೆ ಕಾರ್ಡು ಹಿಡಿದು ಸ್ಟುಡಿಯೋಗೆ ಬರುತ್ತಾಳೆ. ಅವಳು ಪಕ್ಕದಲ್ಲೇ ಕೂತಿರುತ್ತಾಳೆ, ಬೇಕಾದ್ದನ್ನು ಆರಿಸುತ್ತಾಳೆ, ಪ್ರಿಂಟು ಅವಳ ಮುಂದೆಯೇ ಆಗುತ್ತದೆ, ನನ್ನ ಕಂಪ್ಯೂಟರಿನಲ್ಲಿ ಒಂದೂ ಉಳಿಯುವುದಿಲ್ಲ. ಈ ಸುದ್ದಿ ಹೇಗೋ ಹಬ್ಬಿತು. ಹೆಗ್ಗದ್ದೆ ಕಡೆಯ ನಮ್ಮ ಲಿಂಗಾಯತರ ಮನೆಯೊಂದರಲ್ಲಿ ಸೀಮಂತಕ್ಕೆ ಕರೆದಾಗ ಬಸುರಿಯ ಅತ್ತೆಯೇ ಬಂದು ಹೇಳಿದರು: “ಆ ಲಾರಿ ಸಾಹೇಬ್ರ ಮನೇಲಿ ಅದೇನೋ ಮಾಡ್ತೀಯಂತಲ್ಲ, ನಮಗೂ ಹಂಗೇ ಮಾಡವ್ವ.”

ಹೋದ ವರ್ಷ ಆ ಲಾರಿಯವರ ಮನೆಯ ದೊಡ್ಡ ಮೊಮ್ಮಗಳ ಮದುವೆ. ಎಲ್ಲ ಎಂದಿನಂತೆಯೇ ಆಯಿತು. ಹದಿನೈದು ದಿನ ಬಿಟ್ಟು ಸೊಸೆ ಬಂದಳು, ಕರವಸ್ತ್ರದ ಗಂಟು ಬಿಚ್ಚಿ ಕಾರ್ಡು ಕೊಟ್ಟಳು. ಕೈಗೆ ತೆಗೆದುಕೊಂಡ ಕೂಡಲೇ ನನಗೆ ವೀಳ್ಯದೆಲೆಯ ವಾಸನೆ ಬಂತು. ಕಾರ್ಡಿನ ಹಿಂಬದಿಯ ಹೊಂಬಣ್ಣದ ಪಟ್ಟಿಗಳ ಮೇಲೆ ಸುಣ್ಣ ಒಣಗಿ ಗಟ್ಟಿಯಾಗಿ ಕೂತಿತ್ತು. ಅಜ್ಜಿ ಅದನ್ನು ತಮ್ಮ ಎಲೆ ಅಡಿಕೆಯ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದರು. ಅವರ ಪಾಲಿಗೆ ಅದಕ್ಕಿಂತ ಭದ್ರವಾದ ಜಾಗ ಭೂಮಿಯ ಮೇಲೆ ಇರಲಿಲ್ಲ. ಆ ಸಂಚಿಗೆ ಅವರ ಮಗನೂ ಕೈ ಹಾಕುತ್ತಿರಲಿಲ್ಲ.

ಸೊಸೆ ನೋಡುವ ಮೊದಲೇ ಅದನ್ನು ಸೆರಗಿನಲ್ಲಿ ಒರೆಸಿಬಿಟ್ಟೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ, ಸ್ಪಿರಿಟ್ ಹಚ್ಚಿದೆ, ಏನೇನೋ ಮಾಡಿದೆ. ಕಾರ್ಡು ಬಾಯಿ ಬಿಡಲಿಲ್ಲ. ಬೆಂಗಳೂರಿಗೆ ಕಳಿಸಿದರೆ ತೆಗೆದುಕೊಡುವವರಿದ್ದಾರೆ ಎಂದೆ. ಸೊಸೆ ಅಲ್ಲಿಂದಲೇ ಮನೆಗೆ ಫೋನು ಮಾಡಿದಳು. “ಗುರುತಿಲ್ಲದೋರ ಕೈಗೆ ನಮ್ ಹುಡ್ಗೀರ ಫೋಟೋ ಬ್ಯಾಡ. ಹೋದ್ರೆ ಹೋಗ್ಲಿ” ಎಂದರು ಅಜ್ಜಿ. ಒಂದು ಮಧ್ಯಾಹ್ನದ ನಗು ಹಾಗೆ ಹೋಯಿತು.

ಯಾಕೆ ಹಾಳಾಯಿತು ಎಂದು ಸೊಸೆ ಕೇಳಿದಾಗ “ಒಂದೊಂದ್ಸಲ ಹೀಗಾಗುತ್ತೆ” ಎಂದೆ. ಎಂಬತ್ತು ದಾಟಿದ ಹೆಂಗಸು ತನ್ನ ಮನೆಯಲ್ಲೇ, ತನ್ನ ಮೊಮ್ಮಕ್ಕಳ ಮುಂದೆ ತಲೆ ತಗ್ಗಿಸುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ತಿಂಗಳೊಳಗೆ ‘ಅವಳ ಡಬ್ಬಾ ಕ್ಯಾಮೆರಾ ಮದುವೆ ಫೋಟೋ ನುಂಗಿಬಿಟ್ಟಿತು’ ಎಂಬ ಮಾತು ಆಲೂರಿನವರೆಗೂ ಹೋಯಿತು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಹುಟ್ಟುಗುಣವಲ್ಲ, ನನ್ನನ್ನು ಬಲ್ಲವರಿಗೆ ಗೊತ್ತು. ಆ ವರ್ಷವಿಡೀ ಹಲ್ಲು ಕಚ್ಚಿಕೊಂಡೇ ಕಳೆದೆ. ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದದ್ದೂ ಅದಕ್ಕೇ ಇರಬೇಕು.

ಈಗ ಹೊಸ ಕ್ಯಾಮೆರಾ. ಕೊಂಡರೆ ಊರು ಹೇಳಿದ್ದು ನಿಜವೆಂದು ನಾನೇ ಒಪ್ಪಿ ಮೊಹರು ಒತ್ತಿದ ಹಾಗೆ. ಕೊಳ್ಳದಿದ್ದರೆ ಅರ್ಧ ಕೆಲಸಕ್ಕೆ ಎಳ್ಳುನೀರು.

ನನ್ನ ಗಂಡ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಪುಸ್ತಕದಲ್ಲಿ ಹಾಳೆಯ ಕೆಳಗೆ ಕಾರ್ಬನ್ ಇಡದೆ ಪೆನ್ನಿನ ಮುಚ್ಚಳ ತೆಗೆಯುವವರಲ್ಲ. ಎಲ್ಲದಕ್ಕೂ ಇನ್ನೊಂದು ಪ್ರತಿ ಇರಬೇಕು ಎನ್ನುವುದು ಅವರ ಧರ್ಮ.

“ತಗೊಂಡ್ಬುಡು” ಎಂದರು. “ಅಜ್ಜಿ ಮನೆಗೆ ಹೋದಾಗ ಎರಡ್ನೇ ಕಾರ್ಡ್ ಹಾಕ್ಬೇಡ, ಅಷ್ಟೇ ತಾನೇ?”

“ಫೋನಿಗೆ ತಾನೇ ಹೋಗುತ್ತಲ್ಲ, ಅದಕ್ಕೇನ್ಮಾಡ್ಲಿ?”

“ಅದನ್ನೂ ಆಫ್ ಮಾಡು.”

“ಆಫ್ ಮಾಡಿದೀನಿ ಅಂತ ಅವ್ರಿಗೆ ಹೆಂಗ್ ತೋರಿಸ್ಲಿ ಕಣ್ರೀ? ಗಾಳೀಲಿ ಹೋಗೋದನ್ನ ಬಾಗ್ಲು ತೆಗೆದು ತೋರ್ಸಕ್ಕಾಗುತ್ತಾ?”

“ನಿನ್ ಹಟಕ್ಕೆ ಮದ್ದಿಲ್ಲ ಮಾರಾಯ್ತಿ” ಎಂದು ಕಾಫಿ ಲೋಟ ಎತ್ತಿಕೊಂಡು ಹೊರಗೆ ಹೋದರು.

ಇಷ್ಟೆಲ್ಲ ಹೇಳಿದವಳು ನಾನು ಹಾಸನಕ್ಕೆ ಹೋಗದೆ ಇದ್ದೆನೇ? ಹೋದೆ. ತೋರಿಸಲಿಕ್ಕೆಂದು ಒಂದು ಬಂದಿದೆ ಎಂದು ಅಂಗಡಿಯವನು ಹೇಳಿದ್ದೇ ತಡ, ಮರುದಿನವೇ ಬಸ್ಸು ಹತ್ತಿದೆ. ಸುಳ್ಳು ಹೇಳಲಾರೆ, ಕೈಗೆ ಬಂದ ಕೂಡಲೇ ಆಸೆಯಾಯಿತು. ಅಂಗಡಿಯ ಕತ್ತಲೆ ಮೂಲೆಯಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ ಹೆಂಗಸಿನ ಒಂದು ಫೋಟೋ ತೆಗೆದೆ. ಕಣ್ಣರೆಪ್ಪೆಯ ಕೂದಲು ಒಂದೊಂದಾಗಿ ಕಾಣುತ್ತಿತ್ತು. ನನ್ನ ಟ್ಯೂಬು ಅಂಟಿಸಿದ ಮುದುಕಿಗೆ ಏಳು ಜನ್ಮ ಹೋದರೂ ಆಗದ ಕೆಲಸ. ಬುಕ್ ಮಾಡಿಯೇಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಡಿಯವನು ಕ್ಯಾಮೆರಾ ಇಸಿದುಕೊಂಡು ನನ್ನ ಕಡೆಗೇ ತಿರುಗಿಸಿದ. ಸದ್ದೇ ಇಲ್ಲ, ತೆಗೆದದ್ದೂ ಗೊತ್ತಾಗಲಿಲ್ಲ. ಜೇಬಿನಿಂದ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದ.

“ನೋಡಿ ಮೇಡಂ, ಆಗ್ಲೇ ಬಂದ್ಬುಡ್ತು!”

ಅವನ ಫೋನಿನಲ್ಲಿ ನಾನಿದ್ದೆ. ಬಾಯಿ ಅರ್ಧ ತೆರೆದಿತ್ತು, ಸೆರಗು ಒಂದು ಕಡೆ ಜಾರಿತ್ತು. “ಅಳಿಸ್ರಿ ಅದನ್ನ” ಎಂದೆ. “ಅಳಿಸ್ದೆ ಮೇಡಂ” ಎಂದು ಫೋನು ಜೇಬಿಗೆ ಹಾಕಿಕೊಂಡ. ಒಳ್ಳೆಯ ಮನುಷ್ಯ, ಅಳಿಸಿಯೇ ಇರಬೇಕು. ಅಳಿಸಿದನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೊಂದೇ ಕೊರೆಯುತ್ತಿತ್ತು.

ಆ ವಾರವೇ ಅಜ್ಜಿ ಸ್ಟುಡಿಯೋಗೆ ಬಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸೊಸೆ ತೋಳು ಹಿಡಿದಿದ್ದಳು. ಕುರ್ಚಿಯಲ್ಲಿ ಕೂತು, ಉಸಿರು ಸುಧಾರಿಸಿಕೊಂಡು, ನೇರವಾಗಿ ವಿಷಯಕ್ಕೆ ಬಂದರು.

“ಚಿಕ್ಕ ಮೊಮ್ಮಗಳ ಮದುವೆ ಐತೆ. ನನ್ ಮಗ ಹಾಸನದ ಸ್ಟುಡಿಯೋದೋರ್ನ ಕರೀಬೇಕಂತಾನೆ. ಅವ್ರ ಹತ್ರಾನೂ ಹೆಣ್ಮಗಳು ಫೋಟೋ ತೆಗೆಯೋಳು ಅವ್ಳೆ, ಹೊಸ ಕ್ಯಾಮೆರಾ ಬುಕ್ ಮಾಡವ್ರಂತೆ, ಎರಡು ಕಾರ್ಡಂತೆ. ಒಂದು ನನ್ ಕೈಗೆ ಕೊಡ್ತಾರಂತೆ. ಎರಡ್ನೇದು ಯಾರ ಹತ್ರ ಇರುತ್ತೆ?”

“ಅದನ್ನ ಅವ್ರನ್ನೇ ಕೇಳ್ಬೇಕು ಅಜ್ಜಿ.”

“ಕೇಳ್ದೆ. ‘ಸೇಫ್ಟಿಗೆ ನಮ್ಮ ಹತ್ರ ಇರುತ್ತೆ’ ಅಂದ್ರು.” ಅಜ್ಜಿ ಸಂಚಿಯ ದಾರ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿಯನ್ನೆಲ್ಲ ಪಕ್ಕಕ್ಕೆ ಸರಿಸಿ, ಹೊಸದಾಗಿ ಹೊಳೆಯುವ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳ ಬಿಗಿಯಾಗಿತ್ತು. ಒಳಗೆ ಹತ್ತಿ.

“ಈ ಸಲ ಇದ್ರಲ್ಲಿ ಇಡ್ತೀನಿ. ಸುಣ್ಣ ತಾಗಾಕಿಲ್ಲ.”

ನಾನು ಸೊಸೆಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಮನೇಲಿ ಎಲ್ರಿಗೂ ಹೇಳ್ಬುಟ್ಟೆ, ಅದು ನನ್ ಸುಣ್ಣ ಅಂತ. ನೀನೂ ಯಾರಿಗ್ ಬೇಕಾದ್ರೂ ಹೇಳು.”

ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. “ಒಂದು ವರ್ಷ ಬೇಕಾಯ್ತಾ ಅಜ್ಜಿ, ಇದನ್ನ ಹೇಳೋಕೆ? ಊರೆಲ್ಲ ನನ್ನ ಆಡ್ಕೊಳ್ತು.”

“ಬೇಕಾಯ್ತು” ಎಂದರು. “ಸಂಚೀಲಿ ಸುಣ್ಣ ಚೆಲ್ಲಿರೋದು ಆಮೇಲೆ ಕಂಡೆ. ನೀನ್ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ನೀನ್ ಹೇಳ್ಲಿಲ್ಲ. ಅದಕ್ಕೇ ನಾಚ್ಕೆ ಜಾಸ್ತಿ ಆಯ್ತು.”

ಅವರನ್ನು ಮೆಟ್ಟಿಲು ಇಳಿಸಿ ಬಂದು ಕಾಂಟ್ರಾಕ್ಟರಿಗೆ ಫೋನು ಮಾಡಿದೆ. ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಲು ಹೇಳಿದೆ. ಯೋಚನೆ ಮಾಡಿ ಮೇಡಂ ಎಂದ. ಮಾಡಿಯಾಯಿತು ಎಂದೆ. ಈ ಸೀಸನ್ನಿನಲ್ಲಿ ರೆಸಾರ್ಟಿನ ಕೆಲಸ ಒಂದೂ ಬಂದಿಲ್ಲ. ಕೈ ಬಿಗಿಯಾಗಿದೆ, ಇಲ್ಲವೆನ್ನುವುದಿಲ್ಲ. ನನ್ನ ಕ್ಯಾಮೆರಾ ಒಂದು ದಿನ ಕಣ್ಣು ಮುಚ್ಚುತ್ತದೆ, ಆಗ ಏನಾದರೊಂದು ಕೊಳ್ಳಲೇಬೇಕು. ಅದನ್ನು ಕಾಂಟ್ರಾಕ್ಟರು ಹೇಳಿದಾಗ ಕೊಳ್ಳುವುದಿಲ್ಲ, ಅಷ್ಟೆ.

ಹೋದ ತಿಂಗಳು ಚಿಕ್ಕ ಮೊಮ್ಮಗಳ ಮೆಹಂದಿ ಆಯಿತು. ಚಿಲಕದ ಸದ್ದು ಕೇಳಿದಾಗಲೆಲ್ಲ ಹುಡುಗಿಯರು ನಗುತ್ತಿದ್ದರು. ಊಟಕ್ಕೆ ಮೊದಲು ಕಾರ್ಡು ತೆಗೆದು ಅಜ್ಜಿಯ ಅಂಗೈಗಿಟ್ಟೆ. ಅವರು ಅದನ್ನು ಹತ್ತಿಯ ಮೇಲೆ ಮಲಗಿಸಿ, ಡಬ್ಬಿ ಮುಚ್ಚಿ, ಸಂಚಿಗೆ ಹಾಕಿ ದಾರ ಎಳೆದರು. ಪದ್ಧತಿಯಂತೆ ನಾನು ಕ್ಯಾಮೆರಾದ ಬಾಗಿಲು ತೆರೆದು ಅವರ ಮುಂದೆ ಹಿಡಿದೆ.

ಅಜ್ಜಿ ಅತ್ತ ತಿರುಗಿಯೂ ನೋಡದೆ ಕೈಯಾಡಿಸಿದರು. “ಮುಚ್ಚು ಮುಚ್ಚು. ನಿನ್ದನ್ನ ನೋಡೋದೇನೈತೆ? ಬಾ, ಬಿರ್ಯಾನಿ ತಣ್ಣಗಾಗುತ್ತೆ.”

ನಾನು ಮುಚ್ಚಲಿಲ್ಲ. “ನೋಡ್ಲೇಬೇಕು ಅಜ್ಜಿ” ಎಂದು, ಅವರು ಕನ್ನಡಕ ಸರಿಮಾಡಿಕೊಂಡು ಆ ಖಾಲಿ ಕಿಂಡಿಯನ್ನು ನೋಡುವವರೆಗೂ ಹಾಗೆಯೇ ಹಿಡಿದು ನಿಂತೆ.