ಮುಖ ಮರೆತರೂ ನರ ಮರೆಯದ ಸೂಜಿಯಕ್ಕ

ಬೀದಿದೀಪ ಇನ್ನೂ ಆರಿಲ್ಲ. ಮೂರನೇ ಮಹಡಿಯ ಮನೆಯ ಸೋಫಾದ ಮೇಲೆ ಒಬ್ಬರು ಅಂಗಿಯ ತೋಳು ಮಡಚಿಕೊಂಡು ಕೂತಿದ್ದಾರೆ. ಎದುರಿಗೆ ಮೊಣಕಾಲೂರಿದ ಹೆಂಗಸು ಅವರ ಮೇಲ್ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈಯ ಒಳಮಡಿಕೆಯನ್ನು ಎರಡು ಬೆರಳಿಂದ ಒತ್ತಿ ನೋಡುತ್ತಾರೆ. ಇನ್ನೊಮ್ಮೆ ಒತ್ತುತ್ತಾರೆ. ಸೂಜಿ ತೆಗೆಯುವ ಬದಲು ಪಟ್ಟಿಯನ್ನೇ ಬಿಚ್ಚಿಬಿಡುತ್ತಾರೆ.

"ನಿಮ್ಮಣ್ಣನ್ನ ಕರೀರಿ."

"ನಾನೇ ಅವನು. ಕಾರ್ಡಲ್ಲಿ ಫೋಟೋ ನೋಡಿ ಬೇಕಾದ್ರೆ."

"ಫೋಟೋ ನಿಮ್ಮ ಥರಾನೇ ಇದೆ. ಆದ್ರೆ ಹೋದ ವರ್ಷ ಜ್ವರ ಅಂತ ಇದೇ ಸೋಫಾದಲ್ಲಿ ನಿಮ್ಮಣ್ಣನ ರಕ್ತ ತೆಗೆದಿದ್ದೆ. ಅವರ ನರ ಹಗ್ಗದ ಹಾಗೆ ಮೇಲೇ ಇತ್ತು. ನಿಮ್ಮದನ್ನ ಹುಡುಕಬೇಕು."

ಒಳಕೋಣೆಯ ಬಾಗಿಲು ತೆರೆಯುತ್ತದೆ. ಇಂಗು ತಿಂದ ಮಂಗನಂಥ ಮುಖ ಹೊತ್ತು ಅಣ್ಣ ಹೊರಬರುತ್ತಾರೆ. "ಸ್ವಲ್ಪ ಶುಗರ್ ಇದೆ ಅಷ್ಟೇ ಅಕ್ಕಾ. ಇನ್ಶೂರೆನ್ಸ್ ಆಫೀಸಿಗೆ ಹೇಳ್ಬೇಡಿ."

"ಹೇಳೋದು ನನ್ನ ಕೆಲಸ. ನನಗಿಂತ ಮೊದಲು ನೀವೇ ಹೇಳ್ಕೊಂಡ್ರೆ ನಿಮಗೇ ಒಳ್ಳೇದು. ಕೂತ್ಕೊಳ್ಳಿ, ತೋಳು ಮಡಚಿ."

ಈ ಬಡಾವಣೆಗಳಲ್ಲಿ ಇವರಿಗೆ ಸೂಜಿಯಕ್ಕ ಎಂದೇ ಹೆಸರು. ವಯಸ್ಸು ನಲವತ್ತೈದು. ಕೆಲಸ ಒಂದು ಸಣ್ಣ ಲ್ಯಾಬಿನಲ್ಲಿ. ಟರ್ಮ್ ಇನ್ಶೂರೆನ್ಸಿಗೆ ಅರ್ಜಿ ಹಾಕಿದವರ ರಕ್ತ, ಮೂತ್ರವನ್ನು ಮನೆಗೇ ಹೋಗಿ ತರುವ ಗುತ್ತಿಗೆ ಆ ಲ್ಯಾಬಿನದು. ಖಾಲಿ ಹೊಟ್ಟೆಯ ರಕ್ತವೇ ಆಗಬೇಕಾದ್ದರಿಂದ, ಊರು ಟೀ ಕುಡಿಯುವ ಮುಂಚೆ ಇವರ ಸ್ಕೂಟರ್ ಹೊರಡುತ್ತದೆ. ಕಾಲ ಬಳಿ ಐಸ್ ಪೆಟ್ಟಿಗೆ, ಹೆಗಲಿಗೆ ಚೀಲ. ದಿನಕ್ಕೆ ಎಂಟೋ ಹತ್ತೋ ಮನೆ. ಹಿಂದಟ್ಟುವ ನಾಯಿಗಳು ಬೇರೆ. "ನಾಯಿನಾದ್ರೂ ಸಂಭಾಳಿಸಬಹುದು. ಊರೋರ ಮೂತ್ರ ಡಬ್ಬೀಲಿ ಹೊತ್ಕೊಂಡು ತಿರುಗ್ತೀನಿ, ನನಗೆ ಅವಸರ ಆದ್ರೆ ಬಚ್ಚಲು ತೋರಿಸೋ ಮನೆ ಒಂದೂ ಇಲ್ಲ" ಎಂದು ನಗುತ್ತಾರೆ. ಅದಕ್ಕೇ ಕೆಲಸ ಮುಗಿಯುವವರೆಗೆ ಅವರು ನೀರು ಕುಡಿಯುವುದಿಲ್ಲ.

ಈ ಪಾಲಿಸಿಯ ಬಗ್ಗೆ ಜನ ಏನೇನು ನಂಬಿದ್ದಾರೆಂಬುದು ಸೂಜಿ ಚುಚ್ಚುವಾಗ ಹೊರಬರುತ್ತದೆ. ಭಯಕ್ಕೆ ಬಾಯಿ ಸಡಿಲವಾಗುತ್ತದಲ್ಲ. ಕಾಲು ಮುರಿದರೆ ದುಡ್ಡು ಬರುತ್ತದೆ ಎನ್ನುವವರಿದ್ದಾರೆ. ಆಸ್ಪತ್ರೆ ಬಿಲ್ಲು ಕಟ್ಟುತ್ತಾರೆ ಎನ್ನುವವರಿದ್ದಾರೆ. ಇಂದು ರಕ್ತ ಕೊಟ್ಟರೆ ಇಂದಿನಿಂದಲೇ ರಕ್ಷಣೆ ಶುರು ಎನ್ನುವವರೇ ಹೆಚ್ಚು. ಸೂಜಿಯಕ್ಕ ಹತ್ತಿ ಒತ್ತುತ್ತಾ ಹೇಳುವುದು ಒಂದೇ: "ಬರೆದಿರೋ ವರ್ಷದೊಳಗೆ ಸತ್ರೆ ಮಾತ್ರ ಕೊಡ್ತಾರೆ. ಅದೂ ನೀವು ನಿಜ ಹೇಳಿದ್ರೆ. ಅವರು ಒಪ್ಪಿ ಕಾಗದ ಕಳಿಸೋವರೆಗೆ ಏನೂ ಇಲ್ಲ." ಬೆಳಬೆಳಗ್ಗೆ ಸಾವಿನ ಮಾತಾಡಿದರೆಂದು ಒಂದು ಮನೆಯವರು ಲ್ಯಾಬಿಗೆ ದೂರು ಕೊಟ್ಟಿದ್ದಾರೆ.

ಆದರೂ ಅವರು ಬಾಯಿ ಮುಚ್ಚಿಕೊಳ್ಳದಿರುವುದಕ್ಕೆ ಕಾರಣ ಒಬ್ಬ ಹೆಂಗಸು. ಎರಡು ವರ್ಷದ ಹಿಂದೆ ಆಕೆ ಲ್ಯಾಬಿನ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರು. ಗಂಡ ಎದೆನೋವಿನಿಂದ ತೀರಿಕೊಂಡಿದ್ದರು. ಪಾಲಿಸಿಗೆ ವರ್ಷವೂ ತುಂಬಿರಲಿಲ್ಲ. ಅರ್ಜಿ ಹಾಕುವ ಮೊದಲೇ ಅದೇ ನೋವಿಗೆ ಅವರು ಆಸ್ಪತ್ರೆ ಸೇರಿದ್ದರು. ಅರ್ಜಿಯಲ್ಲಿ ಕೇಳಿದಾಗ 'ಇಲ್ಲ' ಎಂದಿದ್ದರು. ಕಂಪನಿಯವರು ಆಸ್ಪತ್ರೆಗೇ ಹೋಗಿ ವಿಚಾರಿಸಿ, ಕೊಡುವುದಿಲ್ಲ ಎಂದರು.

"'ನೀವೇ ರಕ್ತ ತಗೊಂಡ್ರಲ್ಲಮ್ಮಾ, ಅದು ಪಾಸಾಗಿತ್ತಲ್ಲಮ್ಮಾ' ಅಂತ ನನ್ನ ಕೈ ಹಿಡ್ಕೊಂಡು ಕೇಳಿದ್ರು. ರಕ್ತಕ್ಕೆ ಗೊತ್ತಿಲ್ಲದ್ದನ್ನ ಬಾಯಿ ಹೇಳಬೇಕಿತ್ತು. ಅವರಿಗೆ ಅದನ್ನ ಹೇಗೆ ಹೇಳ್ಲಿ? ಕೂರಿಸಿ ನೀರು ಕೊಟ್ಟೆ. ಅಷ್ಟೇ ನನ್ನ ಕೈಲಾಗಿದ್ದು."

ಊರಿನ ಮಾತು ಹೀಗೆ. ಆದರೆ ಈಗ ಸೂಜಿಯಕ್ಕನ ನಿದ್ದೆ ಕೆಡಿಸಿರುವುದು ಸ್ವಂತ ಮನೆಯ ಮಾತು.

ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕಟ್ಟಡಗಳ ಹೊಟ್ಟೆಯೊಳಗೆ, ಕತ್ತಲ ಬಾವಿಯಂಥ ಜಾಗದಲ್ಲಿ, ಕಬ್ಬಿಣದ ಹಗ್ಗಗಳ ನಡುವೆ ಕೆಲಸ. ಮಗಳು ತೊಟ್ಟಿಲಲ್ಲಿದ್ದಾಗ ಹದಿನೈದು ವರ್ಷಕ್ಕೆ ಮಾಡಿಸಿದ್ದ ಪಾಲಿಸಿ ಕಳೆದ ತಿಂಗಳು ಮುಗಿಯಿತು. ಊಟಕ್ಕೆ ಕೂತವರು ಖುಷಿಯಿಂದಲೇ ಕೇಳಿದರಂತೆ: "ಇಷ್ಟು ವರ್ಷ ಕಟ್ಟಿದ್ದೀನಿ, ಎಷ್ಟು ಬರುತ್ತೆ ಕಣೇ?"

"ಏನೂ ಬರಲ್ಲ."

"ಏನೂ?"

"ನೀವು ಬದುಕಿದ್ದೀರಲ್ಲ, ಅದೇ ಬಂದಿದ್ದು."

"ಹಾಗಾದ್ರೆ ಸಾಯದೆ ತಪ್ಪು ಮಾಡ್ದೆ ಅನ್ನು!"

ಮಗಳು ನಕ್ಕಳು. ಸೂಜಿಯಕ್ಕನಿಗೆ ನಗು ಬರಲಿಲ್ಲ. ಮಗಳ ಓದು ಈಗಷ್ಟೇ ಖರ್ಚಿಗೆ ಬಂದಿದೆ, ಮನೆಯ ಸಾಲ ಅರ್ಧವೂ ತೀರಿಲ್ಲ. ಕಾವಲು ಬೇಕಾದ ಹೊತ್ತಿಗೇ ಅದರ ಅವಧಿ ಮುಗಿದಿತ್ತು. ಹೊಸದು ಮಾಡಿಸೋಣವೆಂದರೆ, ಹದಿನೈದು ವರ್ಷದ ಹಿಂದೆ ಇಲ್ಲದ ಎರಡು ಸಂಗತಿ ಈಗ ಗಂಡನಿಗಿವೆ. ಬಿ.ಪಿ. ಮಾತ್ರೆ ಮತ್ತು ಸಿಗರೇಟು. ನಿಜ ಹೇಳಿದರೆ ಕಂತು ಹೆಚ್ಚು ಕಡಿಮೆ ಎರಡು ಪಟ್ಟು. ಕಂಪನಿ ಬೇಡವೆಂದು ಅರ್ಜಿಯನ್ನೇ ತಳ್ಳಿಹಾಕಲೂಬಹುದು.

ಗಂಡ ಇದಕ್ಕೆ ಸುಲಭದ ದಾರಿ ಹುಡುಕಿದರು. "ನಿನ್ನ ತಮ್ಮನ್ನ ಕೂರಿಸೋಣ. ಹಾಲು ಬಿಟ್ರೆ ಬೇರೆ ಮುಟ್ಟದ ಮಹಾನುಭಾವ. ರಕ್ತ ತೆಗೆಯೋಳು ನೀನು, ಕೊಡೋನು ನಿನ್ನ ತಮ್ಮ. ಕೇಳೋರ್ಯಾರು?"

ಮನೆ ಮನೆಯಲ್ಲಿ ಹಿಡಿಯುವ ಕಳ್ಳತನ ತನ್ನ ಊಟದ ಮೇಜಿಗೇ ಬಂದು ಕೂತಿತ್ತು. ಗಂಡ ಹೆಂಡತಿ ಕೆಲವು ದಿನ ಮಾತು ಬಿಟ್ಟರು. ಸಾರಿಗೆ ಉಪ್ಪು ಕಮ್ಮಿ ಎಂಬುದನ್ನೂ ಮಗಳ ಮೂಲಕ ಹೇಳಿಸುವ ಮಟ್ಟಿಗೆ ಮುನಿಸು. ಕೊನೆಗೆ ಸೂಜಿಯಕ್ಕನೇ ಬಾಯಿಬಿಟ್ಟರು: "ನೀವು ಹೋದ ಮೇಲೆ ಅವರ ಮುಂದೆ ನಿಲ್ಲೋಳು ನಾನು. ಸುಳ್ಳು ನಿಮ್ಮದು, ಉತ್ತರ ನಂದು. ಆ ಹೆಂಗಸಿನ ಥರ ಲ್ಯಾಬ್ ಬಾಗಿಲಲ್ಲಿ ನಾನು ನಿಲ್ಲಬೇಕಾ?"

ಗಂಡ ಎದ್ದು ಹೊರಗೆ ಹೋಗಿ ಒಂದು ಸಿಗರೇಟು ಸೇದಿದರು. ಒಳಗೆ ಬಂದು, "ಸೇದ್ತಾನೆ ಅಂತಾನೇ ಬರಿ" ಎಂದರು.

ಮನೆಯವರ ರಕ್ತವನ್ನು ತಾನೇ ತೆಗೆಯಬಾರದೆಂಬುದು ಲ್ಯಾಬಿನ ನಿಯಮ. ಹೋದ ವಾರ ಬೆಳಗ್ಗೆ ಸಹೋದ್ಯೋಗಿಯೊಬ್ಬರು ಬಂದರು. ಸೂಜಿಯಕ್ಕ ಚಪ್ಪಲಿ ಮೆಟ್ಟಿ ಹೊರಗೆ ಮೆಟ್ಟಿಲ ಮೇಲೆ ನಿಂತರು. ಒಳಗೆ ಒಮ್ಮೆ ಚುಚ್ಚಿದ್ದು ತಪ್ಪಿತು. ಎರಡನೇ ಸಲವೂ ತಪ್ಪಿತು.

"ಇವರಿಗೆ ನರಾನೇ ಸಿಗ್ತಿಲ್ಲ ಕಣೇ! ಜರಡಿ ಮಾಡ್ಬಿಡ್ತಾರೆ ನನ್ನ. ನೀನೇ ಬಾ!"

"ಒಳಗೆ ಬರಲ್ಲ" ಎಂದು ಸೂಜಿಯಕ್ಕ ಮುಚ್ಚಿದ ಬಾಗಿಲಿಗೆ ಹೇಳಿದರು. "ಎಡಗೈ ಬಿಟ್ಬಿಡಿ ಸಾರ್. ಬಲಗೈ ನೋಡಿ. ಮಚ್ಚೆ ಇದೆಯಲ್ಲ, ಅದರ ಪಕ್ಕ ಸ್ವಲ್ಪ ಒಳಗೆ."

ಸಿಕ್ಕಿತು. ಮದುವೆಯಾದ ಇಷ್ಟು ವರ್ಷದಲ್ಲಿ ಆ ನರಕ್ಕೆ ಅವರು ಒಮ್ಮೆಯೂ ಸೂಜಿ ಹಾಕಿದವರಲ್ಲ.

ಕಂಪನಿಯಿಂದ ಇನ್ನೂ ಉತ್ತರವಿಲ್ಲ. ಹಳೆಯ ಪಾಲಿಸಿ ಸತ್ತಿದೆ, ಹೊಸದು ಹುಟ್ಟಿಲ್ಲ. ಗಂಡ ಎಂದಿನಂತೆ ಲಿಫ್ಟಿನ ಬಾವಿಗಿಳಿಯುತ್ತಾರೆ. ಈ ದಿನಗಳಲ್ಲಿ ಸೂಜಿಯಕ್ಕ ಫೋನನ್ನು ಚೀಲದಿಂದ ತೆಗೆದು ಜೇಬಿಗೆ ಹಾಕಿಕೊಂಡಿದ್ದಾರೆ.

ಇಂದು ಕೊನೆಯ ಮನೆಯಲ್ಲಿ, ಹಿರಿಯರೊಬ್ಬರ ತೋಳಿನಲ್ಲಿ ಸೂಜಿ ಇರುವಾಗಲೇ ಫೋನ್ ಗುಂಯ್‌ಗುಡುತ್ತದೆ. ನಿಲ್ಲುತ್ತದೆ. ಮತ್ತೆ ಗುಂಯ್‌ಗುಡುತ್ತದೆ. ಕಣ್ಣು ಜೇಬಿನತ್ತ ಹೋಗುತ್ತದೆ, ಕೈ ಮಾತ್ರ ಅಲುಗುವುದಿಲ್ಲ. ಟ್ಯೂಬು ತುಂಬುತ್ತದೆ. ಸೂಜಿ ತೆಗೆದು, ಹತ್ತಿ ಒತ್ತಿ, ಪಟ್ಟಿ ಅಂಟಿಸಿ, ಚೀಟಿ ಹಚ್ಚಿ, ಪೆಟ್ಟಿಗೆಗಿಟ್ಟು, ಮೆಟ್ಟಿಲಿಗೆ ಬಂದ ಮೇಲೆಯೇ ಫೋನ್ ಕಿವಿಗೆ.

"ನನ್ನ ನೀಲಿ ಅಂಗಿ ಎಲ್ಲಿಟ್ಟಿದ್ದೀಯೇ?" ಎನ್ನುತ್ತದೆ ಗಂಡನ ದನಿ.

"ತಂತಿ ಮೇಲೇ ಒಣಗ್ತಿದೆ. ಕಣ್ಣು ಬಿಟ್ಟು ನೋಡಿ" ಎಂದು ಗದರಿ, ಫೋನ್ ಜೇಬಿಗಿಟ್ಟು, ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ.

"ನಮ್ಮನೆಯವರ ಭಾಷೇಲಿ ಹೇಳ್ಬೇಕಂದ್ರೆ, ಲಿಫ್ಟು ಎರಡು ಮಹಡಿ ಮಧ್ಯ ನಿಂತ ಹಾಗಿದೆ ನಮ್ಮ ಸ್ಥಿತಿ. ಕಂಪನಿಯವರು ಜಾಸ್ತಿ ಕಟ್ಟಿ ಅಂದ್ರೆ ಹೇಗೋ ಕಟ್ತೀವಿ. ಆಗಲ್ಲ ಅಂದ್ರೆ ಬೇರೆ ಕಡೆ ಕೇಳ್ತೀವಿ. ಏನು ಹೇಳಿದ್ರೂ ಬೇಗ ಹೇಳ್ಲಿ, ನಾನು ಕೇಳೋದು ಅಷ್ಟೇ."

ಐಸ್ ಪೆಟ್ಟಿಗೆಯ ಮುಚ್ಚಳವನ್ನು ಒತ್ತಿ ನೋಡಿ ಎದ್ದು ನಿಲ್ಲುತ್ತಾರೆ.

"ಒಂದು ಮಾತ್ರ ಖಾತ್ರಿ. ಹೋದ ವಾರ ತೆಗೆದ ಆ ಟ್ಯೂಬಲ್ಲಿರೋದು ನಮ್ಮನೆಯವರದೇ ರಕ್ತ."