ಸೊಳ್ಳೆ ಕೋಣೆಯ ಅತ್ತೆ

ನಮ್ಮ ಸೋದರತ್ತೆಯ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಚುಕ್ಕೆಗಳಿಂದ ತುಂಬಿರುತ್ತಿತ್ತು. ಹಳೆಯವು ಕಂದಿ ಕಪ್ಪಾಗುವಷ್ಟರಲ್ಲಿ ಹೊಸವು ಏಳುತ್ತಿದ್ದವು. ಬಲಗೈ ಮಾತ್ರ ನುಣ್ಣಗಿತ್ತು. ಮದುವೆ ಮನೆಗಳಲ್ಲಿ ಹೆಂಗಸರು ಬಳೆ ನೋಡುವ ನೆಪದಲ್ಲಿ ಆ ಎಡಗೈ ನೋಡಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅತ್ತೆ ಸೆರಗೆಳೆದು ಮುಚ್ಚಿಕೊಂಡವಳಲ್ಲ. "ಚರ್ಮದ ಕಾಯಿಲೆ ಅಲ್ಲ ಕಣ್ರೀ, ಸೊಳ್ಳೆಗೆ ಊಟ ಹಾಕಿದ್ದು" ಎಂದು ತಾನೇ ಹೇಳಿ, ಅವರ ಎಲೆಯ ಮೇಲಿನ ಹೋಳಿಗೆ ಗಂಟಲಲ್ಲಿ ಇಳಿಯದಂತೆ ಮಾಡುತ್ತಿದ್ದಳು.

ಅತ್ತೆ ವಿಜ್ಞಾನಿ. ಸೊಳ್ಳೆಯಿಂದ ಹರಡುವ ವೈರಸ್‌ಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ವೈರಸ್ ಮುಟ್ಟುವ ಕೆಲಸವೆಲ್ಲ ಬೆಂಗಳೂರಿನ ಪ್ರಯೋಗಾಲಯದಲ್ಲಿ, ಬೀಗದ ಹಿಂದೆ ಬೀಗ ಹಾಕಿದ ಕೋಣೆಯೊಳಗೆ. ಆದರೆ ಅವಳಿಗೆ ಬೇಕಾಗಿದ್ದದ್ದು ನಮ್ಮ ಸೀಮೆಯ ತೋಟಗಳಲ್ಲಿ ಹುಟ್ಟಿದ ಸೊಳ್ಳೆ. ಅದಕ್ಕಾಗಿ ಹಾಲ್ಕುರಿಕೆ ಪಕ್ಕದ ನಮ್ಮೂರಿಗೇ ಬಂದು, ನಮ್ಮ ಮನೆಯ ತೆಂಗಿನಕಾಯಿ ತುಂಬುವ ಕೋಣೆಯನ್ನು ಅಪ್ಪನಿಂದ ಕೇಳಿ ಪಡೆದಳು. ತಂಗಿ ಕೇಳಿದರೆ ಇಲ್ಲವೆನ್ನುವ ಮನುಷ್ಯನಲ್ಲ ಅಪ್ಪ. ಅವ್ವ ಮಾತ್ರ ಉರಿದುಬಿದ್ದಳು. "ಊರೋರ ಮನೇಲಿ ಅತ್ತಿಗೆ ನಾದಿನಿ ಒಡವೆಗೆ ಕಿತ್ತಾಡ್ತಾರೆ. ನಮ್ಮನೇಲಿ ಸೊಳ್ಳೆಗೆ ಕಿತ್ತಾಡಂಗಾಯ್ತು" ಎಂದು ಬಂದವರಿಗೆಲ್ಲ ಹೇಳಿಕೊಂಡಳು.

ಆ ಕೋಣೆಗೆ ಎರಡು ಬಾಗಿಲು, ಕಿಟಕಿಗೆ ಎರಡು ಪದರ ಜಾಲರಿ. ಒಳಗೆ ಬಲೆಯ ಪಂಜರಗಳು, ನೀರಿನ ಬೋಗುಣಿಗಳು. ಶೆಟ್ಟಿಕೆರೆಯ ತೋಟದಿಂದಲೋ, ಕಿಬ್ಬನಹಳ್ಳಿಯ ರಸ್ತೆ ಬದಿಯ ಹಳೇ ಟೈರಿನಿಂದಲೋ ಮರಿಹುಳ ತಂದು, ಸೊಳ್ಳೆಯಾದ ಮೇಲೆ ಪಂಜರದೊಳಗೆ ತನ್ನ ಎಡಗೈ ಇಟ್ಟು ರಕ್ತ ಕುಡಿಸಿ ಸಾಕುತ್ತಿದ್ದಳು. ಅವು ಇಟ್ಟ ಮೊಟ್ಟೆಗಳನ್ನು ಕಾಗದದ ಪಟ್ಟಿಯ ಮೇಲೆ ಒಣಗಿಸಿ, ಟಿಫಿನ್ ಡಬ್ಬಿಗೆ ಹಾಕಿಕೊಂಡು ತಿಪಟೂರಿನಲ್ಲಿ ರೈಲು ಹತ್ತುತ್ತಿದ್ದಳು. ಒಮ್ಮೆ ಎದುರು ಸೀಟಿನ ಅಜ್ಜಿ "ಏನವ್ವಾ ತಿಂಡಿ?" ಎಂದು ಕೇಳಿದಾಗ ಡಬ್ಬಿ ತೆರೆದು ತೋರಿಸಿಯೂಬಿಟ್ಟಳಂತೆ.

ಅವಳ ಬದುಕೆಲ್ಲ ಒಂದು ಪ್ರಶ್ನೆಯ ಸುತ್ತ ತಿರುಗಿತು. ನಮ್ಮನ್ನು ಹಾಸಿಗೆ ಹಿಡಿಸುವ ವೈರಸ್ಸನ್ನು ಮೈತುಂಬ ಹೊತ್ತ ಸೊಳ್ಳೆ ಹಾಯಾಗಿ ಹಾರಾಡಿಕೊಂಡಿರುತ್ತದಲ್ಲ, ಹೇಗೆ? ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಹೇಳಿಕೊಟ್ಟಳು. ವೈರಸ್ ಒಳಗೆ ಬಂದು ತನ್ನ ಆರ್‌ಎನ್‌ಎ ಎಳೆಗಳನ್ನು ಹೆಚ್ಚಿಸತೊಡಗಿದರೆ, ಸೊಳ್ಳೆಯ ಜೀವಕೋಶ ಆ ಎಳೆಯನ್ನು ಚೂರು ಚೂರಾಗಿ ಕತ್ತರಿಸುತ್ತದೆ. ಆಮೇಲೆ ಒಂದು ಚೂರನ್ನು ಗುರುತಿಗೆ ಹಿಡಿದುಕೊಂಡು, ಅದಕ್ಕೆ ಹೊಂದುವ ಎಳೆ ಎಲ್ಲಿ ಕಂಡರೂ ಹುಡುಕಿ ಕತ್ತರಿಸುತ್ತದೆ. ವೈರಸ್ ಪೂರಾ ಸಾಯುವುದಿಲ್ಲ, ಸೊಳ್ಳೆಯೂ ಸಾಯುವುದಿಲ್ಲ. ಒಂದು ತೋಟದ ಸೊಳ್ಳೆ ಈ ಕೆಲಸ ಚುರುಕಾಗಿ ಮಾಡಿದರೆ ಇನ್ನೊಂದು ತೋಟದ್ದು ನಿಧಾನ ಮಾಡುತ್ತದೆ. ಅದೇಕೆ ಎನ್ನುವುದು ಅವಳಿಗೆ ಬೇಕಿತ್ತು. "ವೈರಿ ಅಂತ ಹೊಡ್ದು ಹಾಕೋದು ಎಲ್ರಿಗೂ ಗೊತ್ತು ಕಣೇ. ವೈರಿಗೆ ಗೊತ್ತಿರೋ ವಿದ್ಯೆ ನಮಗೆ ಗೊತ್ತಿಲ್ಲ ಅಂದ್ರೆ ಮಾನ ಹೋಗೋದು ನಮ್ದೇ" ಎಂದಳು. ನನಗೆ ಆಗ ಅರ್ಧ ಅರ್ಥವಾಯಿತು. ಆ ಅರ್ಧ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾನು ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದ ವರ್ಷ ಮುಂಗಾರು ಹಿಡಿದ ಮೇಲೆ ಊರಿನಲ್ಲಿ ಮನೆಗೊಬ್ಬರು ಡೆಂಗ್ಯೂ ಜ್ವರದಿಂದ ಮಲಗಿದರು. ನಾನೂ ಮಲಗಿದೆ. ಆಸ್ಪತ್ರೆಯಲ್ಲಿ ನನ್ನ ರಕ್ತದ ಪ್ಲೇಟ್‌ಲೆಟ್ ಇಳಿದು, ನಾನು ಉಳಿಯುವ ಆಸೆಯನ್ನೇ ಅಪ್ಪ ಬಿಟ್ಟಿದ್ದನಂತೆ. ಹೇಗೋ ಬದುಕಿ ಮನೆಗೆ ಬಂದೆ. ಊರಿಗೆ ಅಷ್ಟು ಸಾಕಾಯಿತು. ಮನೆಯಲ್ಲೇ ಸೊಳ್ಳೆ ಸಾಕಿದವಳು ಅಣ್ಣನ ಮಗಳನ್ನೇ ಬಲಿ ಕೊಡುತ್ತಿದ್ದಳು ಎಂದರು.

ಒಂದು ಸಂಜೆ ಗುಂಪು ಕಟ್ಟಿಕೊಂಡು ಬಂದರು. ಇಬ್ಬರ ಕೈಯಲ್ಲಿ ಹಳೇ ಬಾಂಡಲೆ, ಅದರ ತುಂಬ ತೆಂಗಿನ ಮಟ್ಟೆಯ ಹೊಗೆ. ನಮ್ಮ ಕಡೆ ಸೊಳ್ಳೆಗೆ ಮದ್ದೆಂದರೆ ಅದೇ. ಹೊತ್ತು ಮುಳುಗಿದರೆ ಪ್ರತಿ ಹಿತ್ತಿಲಲ್ಲೂ ಮಟ್ಟೆ ಹೊಗೆಯಾಡುತ್ತದೆ. ಕೋಣೆಯೊಳಗೆ ಹೊಗೆ ತುಂಬಿ ಎಲ್ಲವನ್ನೂ ಕೊಂದುಬಿಡುವುದು ಅವರ ಲೆಕ್ಕ. ನಾನು ಹಜಾರದ ಕಿಟಕಿಯ ಪಕ್ಕ ಮಲಗಿದ್ದೆ.

ಪಂಚಾಯ್ತಿ ಅಧ್ಯಕ್ಷರು ನಯವಾಗಿಯೇ ಶುರು ಮಾಡಿದರು. "ಅಕ್ಕಾ, ಜನ ರೊಚ್ಚಿಗೆದ್ದವ್ರೆ. ನೀವೇ ಎಲ್ಲಾನೂ ಸಾಯ್ಸಿ ಬಾಗ್ಲು ಹಾಕ್ಬುಡಿ. ತಣ್ಣಗಾದ್ಮೇಲೆ ಬೇರೆ ಸಾಕಿರಂತೆ."

"ಹಾಕಲ್ಲ ಕಣಪ್ಪ. ಕೊಬ್ಬರಿ ಥರ ಅಟ್ಟಕ್ಕೆ ಹಾಕಿ ಬೇಕಾದಾಗ ಇಳಿಸ್ಕೊಳ್ಳೋ ಕೆಲಸ ಅಲ್ಲ ಇದು. ತಲೆಮಾರಿಂದ ತಲೆಮಾರಿಗೆ ನೋಡ್ಕೊಂಡ್ ಬಂದಿದೀನಿ. ಈ ಸಂತಾನ ಇವತ್ತು ಹೋದ್ರೆ ಇಷ್ಟು ವರ್ಷ ಮಾಡಿದ್ದು ಇವತ್ತೇ ಹೋದಂಗೆ."

"ನಿಮ್ಮಣ್ಣನ ಮಗಳೇ ಮಲಗವ್ಳೆ. ಇನ್ನೇನ್ ಸಾಕ್ಷಿ ಬೇಕು?" ಎಂದು ಹಿಂದಿನಿಂದ ಒಬ್ಬ ಕೂಗಿದ.

ಅತ್ತೆ ಒಮ್ಮೆ ನಾನು ಮಲಗಿದ್ದ ಕಿಟಕಿಯತ್ತ ತಿರುಗಿ ನೋಡಿದಳು. ಆದರೆ ಅವಳು ತಗ್ಗಲಿಲ್ಲ. "ಸೊಳ್ಳೆ ತಾನಾಗೇ ಜ್ವರ ಹುಟ್ಟಿಸಲ್ಲ. ಜ್ವರದೋರನ್ನ ಕಚ್ಚಿ ತಗೊಳ್ತದೆ, ಇನ್ನೊಬ್ರಿಗೆ ಕೊಡ್ತದೆ. ಒಳಗಿರೋವು ನನ್ನೊಬ್ಬಳನ್ನ ಬಿಟ್ಟು ಇನ್ನೊಬ್ರ ರಕ್ತ ಕಂಡಿಲ್ಲ. ನಾನು ಕಲ್ಲುಗುಂಡಿನಂಗೆ ನಿಂತಿದೀನಿ, ನೋಡ್ರಿ!"

ಅಷ್ಟು ಹೇಳಿ ಅಡುಗೆಮನೆಯಿಂದ ಬಿಳಿ ಬಟ್ಟಲು ಹಿಡಿದು ಹಿತ್ತಿಲಿಗೆ ನಡೆದಳು, ಗುಂಪೂ ಹಿಂದೆ ಹೋಯಿತು. ಅಲ್ಲಿ ನಮ್ಮದೇ ಚಿಪ್ಪಿನ ಗುಡ್ಡೆ. ವರ್ಷಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿ ಒಡೆದು ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು, ಇದ್ದಿಲಿನವರು ಬಂದು ಒಳ್ಳೆ ರೇಟು ಹೇಳುವವರೆಗೆ ಬಯಲಲ್ಲೇ ಗುಡ್ಡೆ ಹಾಕುವುದು ನಮ್ಮಲ್ಲಿ ಎಲ್ಲರ ಪದ್ಧತಿ. ಆ ಗುಡ್ಡೆ ಅವ್ವ ಕಾಯ್ದಿಟ್ಟದ್ದು. ಅತ್ತೆ ಅವ್ವನ ಹೆಸರೆತ್ತದೆ, ಮಳೆನೀರು ತುಂಬಿದ ಒಂದೊಂದೇ ಚಿಪ್ಪನ್ನು ಬಟ್ಟಲಿಗೆ ಬಗ್ಗಿಸಿದಳು. ಬಟ್ಟಲು ತುಂಬ ಹುಳ ಕೊಂಕಿ ಕೊಂಕಿ ಆಡುತ್ತಿದ್ದವು.

"ನನ್ನವು ಪಂಜರದಲ್ಲವೆ. ಇವುನ್ನ ಯಾರು ಸಾಕಿದ್ದು? ಈ ಸೊಳ್ಳೆ ಕಚ್ಚೋದು ಹಗಲೊತ್ತು. ನೀವು ಹೊಗೆ ಹಾಕೋದು ಹೊತ್ತು ಮುಳುಗಿದ್ಮೇಲೆ. ಕಳ್ಳ ಉಂಡು ಹೋದ್ಮೇಲೆ ನಾಯಿ ಬಿಟ್ಟಂಗೆ!"

ಬಾಂಡಲೆ ಹಿಡಿದವನಿಗೆ ಇದು ಹಿಡಿಸಲಿಲ್ಲ. ಅವನು ಕೋಣೆಯತ್ತ ಹೆಜ್ಜೆ ಹಾಕಿದ. ಅತ್ತೆ ಅವನಿಗಿಂತ ಮೊದಲು ಹೋಗಿ ಬಾಗಿಲು ತೆಗೆದಳು. "ಹಾಕಪ್ಪ. ನಾನೂ ಒಳಗೇ ಇರ್ತೀನಿ" ಎಂದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಹೊರಗೆ ಬಾಂಡಲೆ ಹಿಡಿದವರು ಅದನ್ನು ಬಾಗಿಲ ಮುಂದೆ ನೆಲಕ್ಕಿಟ್ಟರು. ಮಟ್ಟೆ ಉರಿದು ಬೂದಿಯಾಯಿತು. ಆಮೇಲೆ ಒಬ್ಬೊಬ್ಬರೇ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅವ್ವ ಹಿತ್ತಿಲಲ್ಲಿ ಸೆರಗು ಸಿಕ್ಕಿಸಿಕೊಂಡು ಚಿಪ್ಪುಗಳನ್ನು ಬೋರಲು ಹಾಕುತ್ತಿದ್ದಳು. ಅತ್ತೆಯೂ ಪಕ್ಕದಲ್ಲಿದ್ದಳು. ಕೇರಿಯ ಕೆಲವು ಹೆಂಗಸರು ನೋಡಿ ತಾವೂ ಹಾಗೇ ಮಾಡಿದರು. ಎಲ್ಲರೂ ಒಪ್ಪಿದರೆಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲು ಕೊನೆಯವರೆಗೂ ಹಿಂಜರಿದವರು ಇದ್ದರು. ಅತ್ತೆ ಅವರ ಹಿತ್ತಿಲಿಗೂ ಬಟ್ಟಲು ಹಿಡಿದು ಹೋಗುತ್ತಿದ್ದಳು, ಬೈಗುಳ ತಿಂದು ಹುಳ ತರುತ್ತಿದ್ದಳು.

ಈಗ ನಾನೂ ಅದೇ ಕೆಲಸದಲ್ಲಿದ್ದೇನೆ. ನನ್ನನ್ನು ಯಾರೂ ಒತ್ತಾಯಿಸಲಿಲ್ಲ. ಸಾವಿನ ಹತ್ತಿರ ಹೋಗಿ ಬಂದವಳಿಗೆ ಆ ವೈರಸ್ಸಿನ ಮೇಲೆ ಸಿಟ್ಟಿತ್ತು. ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ಅತ್ತೆ ತೋರಿಸಿಕೊಟ್ಟಳು. ಅವಳ ಋಣ ಎಂದರೆ ನನಗೆ ಇದೇ.

ಹೋದ ವರ್ಷ ಅವಳಿಗೆ ಎದೆನೋವು ಬಂತು. ತಿಪಟೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ತಿಥಿಯ ದಿನ ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುವಾಗ ನಮ್ಮ ದೊಡ್ಡಪ್ಪನವರು ಅಪ್ಪನ ಕಡೆ ತಿರುಗಿ, "ಇನ್ನಾದ್ರೂ ಆ ಪೀಡೆನೆಲ್ಲ ಖಾಲಿ ಮಾಡ್ಸಿ ಕೋಣೆಗೆ ಕಾಯಿ ತುಂಬ್ಸು ಕಣ್ಲಾ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. ಹಿರಿಯರ ಎದುರು ದನಿ ಎತ್ತದವಳು ಅಂದು ಎತ್ತಿದಳು.

"ಕಾಯಿ ನನ್ನ ಮಂಚದ ಕೆಳಗೆ ಬೇಕಾದ್ರೆ ತುಂಬ್ಕೋತೀನಿ ಭಾವ. ಆ ಕೋಣೆ ಬಾಗ್ಲಿಗೆ ಯಾರಾದ್ರೂ ಕೈ ಇಕ್ಕಿದ್ರೆ, ಈ ಸಲ ಒಳಗೆ ಹೋಗಿ ಅಗುಳಿ ಹಾಕ್ಕೊಳ್ಳೋಳು ನಾನು."