ಸ್ಟೀರಿಂಗ್ ಹಿಡಿದ ಕೈ

ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿದ್ದ ನಮ್ಮ ಹಳೆಯ ಕಾರಿನ ಕೀ ಏನು ಮಾಡಿದರೂ ತಿರುಗಲಿಲ್ಲ. ಸ್ಟೀರಿಂಗ್ ಕೂಡ ಬಿಗಿದುಕೊಂಡಿತ್ತು. ಫಿಸಿಯೋಥೆರಪಿ ಮುಗಿಸಿ ಬಂದ ಅಪ್ಪ ಪಕ್ಕದ ಸೀಟಿನಲ್ಲಿದ್ದರು. ಪಾರ್ಶ್ವವಾಯು ಆದಮೇಲೆ ಅವರ ಬಲಗೈ ಎತ್ತಲು ಬರುತ್ತಿರಲಿಲ್ಲ. ಅವತ್ತೂ ಎಷ್ಟು ಪ್ರಯತ್ನಿಸಿದರೂ ಅದು ಮಿಸುಕಿರಲಿಲ್ಲ. "ಇದು ಹೋಯ್ತು ಬಿಡಮ್ಮ" ಎಂದು ಕ್ಲಿನಿಕ್ಕಿನ ಮೆಟ್ಟಿಲಿಳಿಯುವಾಗ ಹೇಳಿದ್ದರು.

ನಾನು ಕೀ ತೆಗೆದು ಮತ್ತೆ ಹಾಕಿ, ಸಿಟ್ಟಿನಿಂದ ಬಲವಾಗಿ ತಿರುಚಿದೆ.

"ಹಂಗೆ ತಿರುಚ್ಬೇಡ, ಮುರ್ದೋಗುತ್ತೆ. ಸ್ಟೀರಿಂಗ್ ಲಾಕ್ ಆಗಿದೆ ಅಷ್ಟೆ" ಎಂದು ರೇಗಿದ ಅಪ್ಪ, ಕೈ ಚಾಚಿ ಸ್ಟೀರಿಂಗ್ ಹಿಡಿದು ಮೆಲ್ಲಗೆ ಆಚೀಚೆ ಅಲ್ಲಾಡಿಸಿದರು. "ಹಾಂ, ಈಗ ತಿರುಗ್ಸು."

ಕೀ ಸಲೀಸಾಗಿ ತಿರುಗಿತು. ಎಂಜಿನ್ ಶುರುವಾಯಿತು. ನಾನು ಮಾತ್ರ ಗೇರ್ ಹಾಕದೆ ಹಾಗೇ ಕುಳಿತೆ. ಸ್ಟೀರಿಂಗ್ ಮೇಲಿದ್ದದ್ದು ಅಪ್ಪನ ಬಲಗೈ.

ಯಾಕೆ ಹೊರಡುತ್ತಿಲ್ಲ ಎಂದು ಕೇಳಲು ನನ್ನತ್ತ ತಿರುಗಿದವರು, ನಾನು ನೋಡುತ್ತಿದ್ದ ಕಡೆ ನೋಡಿ ತಮ್ಮ ಕೈಯನ್ನು ಕಂಡರು. ಬೆರಳುಗಳು ಇನ್ನೂ ಹಿಡಿತ ಬಿಟ್ಟಿರಲಿಲ್ಲ. ಜಾಗಕ್ಕಾಗಿ ಕಾಯುತ್ತಿದ್ದ ಆಟೋದವರು ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಇದ್ದರು.

"ಇರಮ್ಮ, ಸ್ವಲ್ಪ ಹೊತ್ತು ಹಿಂಗೇ ಇರ್ಲಿ" ಎಂದರು ಅಪ್ಪ, ಪಿಸುದನಿಯಲ್ಲಿ. ಒಂದೆರಡು ನಿಮಿಷದಲ್ಲಿ ಕೈ ಸೋತು ತಾನಾಗಿಯೇ ಜಾರಿತು. ನಾನು ಅದನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ. ಆಮೇಲೆ ಗೇರ್ ಹಾಕಿ ಮನೆಯತ್ತ ಹೊರಟೆ.

ಆ ಕೈಗೆ ಇನ್ನೂ ಕಾಫಿ ಲೋಟ ಎತ್ತಲು ಬರುವುದಿಲ್ಲ. ಆದರೆ ಅದು ಹೋಯಿತೆಂದು ನಮ್ಮ ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ, ಅಪ್ಪನೂ.